ಕೊನೆಗೆ ಕೇಳಬೇಡಿ, ನಡುವೆ ಕೇಳಿ: ಕಂಪ್ಯೂಟರ್ ಪರೀಕ್ಷೆ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರೀಕ್ಷೆ ರೂಪಿಸುವ ಅಧಿಕಾರಿಗಳಿಗೆ ಮತ್ತು ತಜ್ಞರಿಗೆ,

ಮಾನ್ಯರೇ, ನಮಸ್ಕಾರ.

ನಾನು ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಊರು ಕೃಷ್ಣಾ ಹೊಳೆಯ ದಂಡೆಗಿದೆ. ಸುತ್ತ ಎತ್ತ ನೋಡಿದರೂ ಕಬ್ಬು. ಶಾಲೆಯಲ್ಲಿ ಒಂದು ಕಂಪ್ಯೂಟರ್ ಕೋಣೆ ಇದೆ. ಮಕ್ಕಳಿಗೆ ಅದರ ಮೇಲೆ ಬಹಳ ಪ್ರೀತಿ.

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಆ ಕೋಣೆಯಲ್ಲಿ ನೀವು ರೂಪಿಸಿದ ಒಂದು ಪ್ರಾಯೋಗಿಕ ಪರೀಕ್ಷೆ ಬರೆದರು. ಪಾಠದಿಂದ ಎತ್ತಿದ ಪ್ರಶ್ನೆಗಳಲ್ಲ. ಯೋಚಿಸಿ, ಮಾಡಿ ನೋಡಿ, ದಾರಿ ಹುಡುಕಬೇಕಾದ ಪ್ರಶ್ನೆಗಳು. ಪ್ರಶ್ನೆಗಳು ಚೆನ್ನಾಗಿದ್ದವು, ಅದನ್ನು ಮೊದಲೇ ಹೇಳುತ್ತೇನೆ. ಇಂಥ ಪರೀಕ್ಷೆ ಬರಲಿ ಎಂದು ಎಷ್ಟೋ ವರ್ಷದಿಂದ ಕಾದವನು ನಾನು. ಬಾಯಿಪಾಠ ಮಾಡಿ ಒಪ್ಪಿಸುವುದಕ್ಕಿಂತ ಇದು ಎಷ್ಟೋ ಮೇಲು.

ಎಲ್ಲ ಮುಗಿದ ಮೇಲೆ ಪರದೆಯಲ್ಲಿ ಇಪ್ಪತ್ತು ವಾಕ್ಯ ಬಂದವು. ಮಕ್ಕಳ ಆಸಕ್ತಿ, ಮನೋಭಾವ ಅಳೆಯಲಿಕ್ಕೆ. 'ಸಂಕೀರ್ಣ ಸಮಸ್ಯೆಗಳನ್ನು ಬಿಡಿಸುವುದು ನನಗೆ ಇಷ್ಟ.' 'ಸಮಸ್ಯೆ ಎದುರಾದಾಗ ನಾನು ಬೇಗ ಕೈಚೆಲ್ಲುತ್ತೇನೆ.' ಇಂಥವು. ಪ್ರತಿ ವಾಕ್ಯದ ಮುಂದೆ ಐದು ಆಯ್ಕೆ, 'ಸಂಪೂರ್ಣ ಒಪ್ಪುತ್ತೇನೆ' ಎಂಬಲ್ಲಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬಲ್ಲಿಯವರೆಗೆ.

ಎರಡನೇ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. 'ಸರ್, ಇಲ್ಲಿ ಸಮಸ್ಯೆ ಅಂದ್ರ ಮನ್ಯಾಗಿನ ಸಮಸ್ಯೆ ಏನ್ರೀ?'

ನಾನು ಉತ್ತರ ಕೊಡುವ ಹಾಗಿರಲಿಲ್ಲ. ಮಕ್ಕಳಿಗೆ ಏನೂ ಹೇಳಿಕೊಡಬಾರದು ಎಂದು ನಿಯಮ. 'ನಿನಗೆ ತಿಳಿದಂಗ ಹಾಕವ್ವಾ' ಎಂದೆ. ಅವಳು ಒಂದು ಗಳಿಗೆ ಪರದೆ ನೋಡಿದಳು. ಆಮೇಲೆ 'ಸಂಪೂರ್ಣ ಒಪ್ಪುತ್ತೇನೆ' ಒತ್ತಿದಳು. ಆ ವರ್ಷ ಅವರ ಮನೆಯಲ್ಲಿ ಸಾಲದ ತಾಪತ್ರಯ ಇತ್ತು. ಅವಳು ಯಾವ ಸಮಸ್ಯೆಯನ್ನು ನೆನೆದು ಆ ಗುಂಡಿ ಒತ್ತಿದಳೋ, ನಿಮ್ಮ ಕಂಪ್ಯೂಟರಿಗೆ ಗೊತ್ತಾಗಲು ಸಾಧ್ಯವೇ ಇಲ್ಲ.

ಎರಡು ತಿಂಗಳ ಮೇಲೆ ವರದಿ ಬಂತು. ಒಂದೇ ಹಾಳೆ. ಸಮಸ್ಯೆ ಬಿಡಿಸುವ ಸಾಮರ್ಥ್ಯ: ಕಡಿಮೆ. ಆಸಕ್ತಿ ಮತ್ತು ಮನೋಭಾವ: ಅತ್ಯುತ್ತಮ. ಅಂದರೆ ನಮ್ಮ ಮಕ್ಕಳಿಗೆ ಮನಸ್ಸೇನೋ ಇದೆ, ತಲೆ ಇಲ್ಲ ಎಂದ ಹಾಗಾಯಿತು. ನಾನು ಅವತ್ತು ಪೂರ್ತಿ ಅದೇ ಕೋಣೆಯಲ್ಲಿ ನಿಂತಿದ್ದೆ. ನನಗೆ ಕಂಡದ್ದು ಇದರ ಉಲ್ಟಾ. ಮೊದಲ ಎರಡು ಪ್ರಶ್ನೆಗೆ ಮಕ್ಕಳು ಕುರ್ಚಿಯ ತುದಿಗೆ ಬಂದಿದ್ದರು. ಮೂರನೆಯದರಲ್ಲಿ ಪರದೆ ತುಂಬ ಅಕ್ಷರ. ಓದಿ ಓದಿ ಸುಸ್ತಾದರು. ಅಲ್ಲಿಂದ ಹಿಂದಿನ ಸಾಲಿನವರು ಸುಮ್ನೆ ಗುಂಡಿ ಒತ್ತುತ್ತಾ ಮುಂದೆ ಹೋದರು. ತಲೆ ಇತ್ತು, ಮನಸ್ಸು ನಡುದಾರಿಯಲ್ಲಿ ಇಳಿದುಹೋಯಿತು. ವರದಿಯಲ್ಲಿ ಇದರ ಒಂದು ಸಾಲೂ ಇಲ್ಲ.

ಅದಕ್ಕೇ ಈ ಪತ್ರ. ಮಗುವಿನ ಮನಸ್ಸನ್ನು ಅಳೆಯುವುದಾದರೆ ಅದು ಲೆಕ್ಕದ ಮುಂದೆ ಕೂತಿರುವಾಗಲೇ ಅಳೆಯಿರಿ, ಅದರ ಮಾತಿನಲ್ಲೇ ಕೇಳಿರಿ. ಬಂದ ಉತ್ತರವನ್ನು ಅಂಕದ ಅರ್ಥ ತಿಳಿಯಲು ಬಳಸಿರಿ. ಮಗುವಿನ ಹಣೆಗೆ ಅಂಟಿಸಲು ಬಳಸಬೇಡಿ.

ಈ ತೊಂದರೆ ನಮ್ಮೂರಿನದು ಮಾತ್ರ ಅಲ್ಲ. ಶ್ರೀಮಂತ ದೇಶಗಳೇ ಹೆಚ್ಚಾಗಿರುವ ಒಇಸಿಡಿ ಎಂಬ ಒಕ್ಕೂಟ 15 ವರ್ಷದ ಮಕ್ಕಳಿಗೆ ಪಿಸಾ ಎಂಬ ಪರೀಕ್ಷೆ ನಡೆಸುತ್ತದೆ. ಅದು 2012ರಲ್ಲಿ ಸಮಸ್ಯೆ ಬಿಡಿಸುವ ಪರೀಕ್ಷೆಯನ್ನು ಕಂಪ್ಯೂಟರ್ ಮೇಲೆ ಮಾಡಿತು. 44 ದೇಶ ಮತ್ತು ಪ್ರದೇಶಗಳ ಸುಮಾರು 85,000 ಮಕ್ಕಳು ಬರೆದರು. ಸಿಂಗಪುರ, ಕೊರಿಯಾ, ಜಪಾನ್ ಮುಂದಿದ್ದವು. ಭಾರತ ಅದರಲ್ಲಿ ಇರಲಿಲ್ಲ. ಮಕ್ಕಳ ಛಲ ಎಷ್ಟು, ಹೊಸ ಲೆಕ್ಕಕ್ಕೆ ಅವರು ಎಷ್ಟು ಮನಸ್ಸು ಮಾಡುತ್ತಾರೆ ಎಂದು ತಿಳಿಯಲು ಅಲ್ಲಿಯೂ ಪ್ರಶ್ನಾವಳಿ ಇತ್ತು. ಆ ವಾಕ್ಯಗಳೂ ನಾನು ಮೇಲೆ ಹೇಳಿದಂಥವೇ.

ಇಂಥ ಉತ್ತರಗಳಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಕಂಡುಬಂದಿದೆ. ಒಂದು ದೇಶದೊಳಗೆ ನೋಡಿದರೆ, 'ನನಗೆ ಗಣಿತ ಇಷ್ಟ, ನನಗೆ ಬರುತ್ತದೆ' ಎನ್ನುವ ಮಗು ಸಾಮಾನ್ಯವಾಗಿ ಜಾಸ್ತಿ ಅಂಕ ತೆಗೆಯುತ್ತದೆ. ದೇಶಗಳನ್ನು ಒಂದಕ್ಕೊಂದು ಹೋಲಿಸಿದರೆ ಚಿತ್ರ ತಿರುಗಿಬಿಡುತ್ತದೆ. ಅಂಕದಲ್ಲಿ ಮುಂದಿರುವ ಜಪಾನ್, ಕೊರಿಯಾ ಮಕ್ಕಳು ತಮ್ಮ ಬಗ್ಗೆ ಕಡಿಮೆ ಹೇಳಿಕೊಳ್ಳುತ್ತಾರೆ. ಅಂಕದಲ್ಲಿ ಹಿಂದಿರುವ ಎಷ್ಟೋ ದೇಶಗಳ ಮಕ್ಕಳು ಬಹಳ ಇಷ್ಟ ಎನ್ನುತ್ತಾರೆ. 'ಬಹಳ' ಎಂಬ ಮಾತಿಗೆ ಎಲ್ಲ ಕಡೆ ಒಂದೇ ತೂಕ ಇಲ್ಲ. ಕೊಪ್ಪಳದ ಸೇರು, ಕೊರಿಯಾದ ಸೇರು ಬೇರೆ ಬೇರೆ ಇದ್ದ ಹಾಗೆ.

ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಯಾರದೋ ಮನೆಗೆ ಊಟಕ್ಕೆ ಹೋಗುತ್ತೀರಿ. 'ರೊಟ್ಟಿ ಚಲೋ ಆಗ್ಯಾವಿಲ್ರೀ?' ಎಂದು ಮನೆಯವರು ಕೇಳುತ್ತಾರೆ. ಇಲ್ಲ ಎನ್ನುವವರು ಯಾರು? ಹಿರಿಯರು ಕೇಳಿದಾಗ ಒಳ್ಳೆಯದನ್ನು ಹೇಳುವುದು ನಮ್ಮ ಮಕ್ಕಳು ಕಲಿತ ಮರ್ಯಾದೆ. ಪರದೆಯ ಮೇಲೆ ಬಂದ ವಾಕ್ಯವೂ ಅವರಿಗೆ ಹಿರಿಯರ ಪ್ರಶ್ನೆಯೇ. 'ಎಲ್ಲಾದಕ್ಕೂ ಸಂಪೂರ್ಣ ಒಪ್ಪುತ್ತೇನೆ ಅಂತ ಯಾಕ ಹಾಕಿದ್ರಿ?' ಎಂದು ಮರುದಿನ ಕೇಳಿದೆ. 'ಹಂಗ ಹಾಕಿದ್ರ ಸಾಲಿಗೆ ಚಲೋ ಅಲ್ರೀ ಸರ್?' ಎಂದರು. ಸುಳ್ಳು ಹೇಳಬೇಕು ಎಂದು ಹೇಳಿದ್ದಲ್ಲ ಅದು. ಶಾಲೆಯ ಮಾನ ಉಳಿಸಲು ಹೇಳಿದ್ದು. 'ನಾನು ಬೇಗ ಕೈಚೆಲ್ಲುತ್ತೇನೆ' ಎಂಬುದಕ್ಕೂ ಹಾಗೇ ಒತ್ತಿದ್ದರು. ಒಂದರ ಮೇಲೊಂದು ಒಪ್ಪುತ್ತಾ ಬಂದವರಿಗೆ ಅದೊಂದು ವಾಕ್ಯ ತಿರುಗಿ ನಿಂತಿದೆ ಎಂದು ಹೊಳೆಯಲೇ ಇಲ್ಲ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೀಗೆ ಕೊನೆಗೆ ಕೇಳುವುದು ಅನಿವಾರ್ಯವಾಗಿತ್ತೇನೋ. ಈಗ ಹಾಗಿಲ್ಲ. ಕಾಗದದ ಮೇಲೆ ಮಗುವಿನ ಉತ್ತರ ಮಾತ್ರ ಉಳಿಯುತ್ತದೆ, ಕಂಪ್ಯೂಟರಿನಲ್ಲಿ ಅದು ನಡೆದ ದಾರಿಯೂ ಉಳಿಯುತ್ತದೆ.

2012ರ ಪಿಸಾದಲ್ಲಿ ಒಂದು ಪ್ರಶ್ನೆ ಇತ್ತು. ಹೊಸ ಏರ್ ಕಂಡಿಷನರ್, ಕೈಪಿಡಿ ಇಲ್ಲ. ಮೂರು ಗುಂಡಿ. ಯಾವುದನ್ನು ಸರಿಸಿದರೆ ಬಿಸಿ ತಂಪು ಬದಲಾಗುತ್ತದೆ, ಯಾವುದಕ್ಕೆ ತೇವ ಬದಲಾಗುತ್ತದೆ, ಮಾಡಿ ನೋಡಿ ಕಂಡುಹಿಡಿಯಬೇಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಏರ್ ಕಂಡಿಷನರ್ ಮುಟ್ಟಿ ನೋಡಿಲ್ಲ. ನಾನು ಅದನ್ನೇ ಬೋರ್ಡ್ ಮೇಲೆ ಹನಿ ನೀರಾವರಿಯ ಮೂರು ವಾಲ್ವ್ ಮಾಡಿ ಬರೆದೆ. ಯಾವ ವಾಲ್ವ್ ಯಾವ ತುಂಡಿಗೆ ನೀರು ಕೊಡುತ್ತದೆ, ಪೈಪ್ ನೆಲದೊಳಗಿದೆ, ಹೇಗೆ ಕಂಡುಹಿಡಿಯುತ್ತೀರಿ? ಮಾತು ಮುಗಿಯುವ ಮೊದಲೇ ಒಬ್ಬ ಎದ್ದು ನಿಂತ. 'ಎಲ್ಲಾ ಬಂದ್ ಮಾಡಿ ಒಂದೊಂದ ತಗದು ನೋಡೂದ್ರೀ.' ಒಂದನ್ನು ಬದಲಿಸು, ಉಳಿದದ್ದನ್ನು ಹಾಗೇ ಬಿಡು. ತಜ್ಞರು ಹುಡುಕುವ ಉಪಾಯ ಇದೇ. ಪಿಸಾದ ಲಾಗ್ ಫೈಲ್ ನೋಡಿದ ಸಂಶೋಧಕರು ಹೀಗೆ ಒಂದೊಂದೇ ಸರಿಸಿ ನೋಡಿದ ಮಕ್ಕಳು ಆ ಪ್ರಶ್ನೆಯಲ್ಲೂ, ಒಟ್ಟು ಪರೀಕ್ಷೆಯಲ್ಲೂ ಮುಂದಿದ್ದದ್ದನ್ನು ತೋರಿಸಿದ್ದಾರೆ.

ಲಾಗ್ ಫೈಲ್ ಅಂದರೆ ಪ್ರತಿ ಕ್ಲಿಕ್ಕಿನ ದಾಖಲೆ. ಯಾವಾಗ ಒತ್ತಿದ, ಏನು ಒತ್ತಿದ, ಎಷ್ಟು ಹೊತ್ತು ಸುಮ್ಮನಿದ್ದ. ಇದರಿಂದ ಮನಸ್ಸಿನ ಸುಳಿವೂ ಸಿಗುತ್ತದೆ. ಅಮೆರಿಕದ ಸ್ಟೀವನ್ ವೈಸ್ ಮತ್ತು ಅವರ ಜೊತೆಗಾರರು 2005ರಿಂದ ಇದನ್ನೇ ಕೆದಕುತ್ತಾ ಬಂದರು. ಪ್ರಶ್ನೆ ಓದಲೂ ಸಾಲದಷ್ಟು ಹೊತ್ತಿನಲ್ಲಿ ಉತ್ತರ ಬಂದರೆ ಅದು ಊಹೆ, ಪ್ರಯತ್ನ ಅಲ್ಲ ಎಂದರು. ಅಂಥ ಉತ್ತರಗಳಲ್ಲಿ ಸರಿಯಾಗುವುದು ಕಣ್ಣು ಮುಚ್ಚಿ ಒತ್ತಿದರೆ ಎಷ್ಟು ಸರಿಯಾಗುತ್ತದೋ ಅಷ್ಟೇ. ಅದನ್ನು ಮಗುವಿನ ಸಾಮರ್ಥ್ಯ ಎಂದು ಎಣಿಸಿದರೆ ಲೆಕ್ಕವೇ ತಪ್ಪುತ್ತದೆ. ಮಗು ಹೀಗೆ ಒತ್ತುತ್ತಾ ಹೋದಾಗ ಪರದೆ ಮೇಲೆ ಮೆಲ್ಲಗೆ ಎಚ್ಚರಿಸುವ ಪರೀಕ್ಷೆಯನ್ನೂ ಅವರು 2006ರಲ್ಲಿ ಮಾಡಿ ತೋರಿಸಿದರು. ನಮ್ಮ ಹಿಂದಿನ ಸಾಲಿನವರಿಗೆ ಮೂರನೇ ಪ್ರಶ್ನೆಯ ಹೊತ್ತಿಗೆ ಅಂಥ ಒಂದು ಮಾತು ಬೇಕಿತ್ತು.

ಆದರೆ ಇಲ್ಲಿ ನಿಮಗೆ ಕೈ ಮುಗಿದು ಒಂದು ಮಾತು ಹೇಳಬೇಕು. ಗಡಿಯಾರವನ್ನು ಪೂರ್ತಿ ನಂಬಬೇಡಿ.

ಸಮಯದ ಅರ್ಥ ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ದೊಡ್ಡವರಿಗೆ ನಡೆಸುವ ಪಿಯಾಕ್ ಎಂಬ ಪರೀಕ್ಷೆಯ ದಾಖಲೆ ನೋಡಿದ ಜರ್ಮನ್ ಸಂಶೋಧಕರು 2014ರಲ್ಲಿ ಇದನ್ನು ಬರೆದರು. ಓದುವ ಪ್ರಶ್ನೆಯಲ್ಲಿ ಜಾಸ್ತಿ ಹೊತ್ತು ತೆಗೆದುಕೊಂಡವರು ತಪ್ಪುವುದು ಹೆಚ್ಚು. ಸಮಸ್ಯೆ ಬಿಡಿಸುವ ಪ್ರಶ್ನೆಯಲ್ಲಿ ಜಾಸ್ತಿ ಹೊತ್ತು ಕೊಟ್ಟವರು ಗೆಲ್ಲುವುದು ಹೆಚ್ಚು. ಒಂದು ಕಡೆ ನಿಧಾನ ಅಂದರೆ ತಡವರಿಕೆ, ಇನ್ನೊಂದು ಕಡೆ ಅದೇ ನಿಧಾನ ಅಂದರೆ ಶ್ರಮ. ನಮ್ಮ ಕೋಣೆಯಲ್ಲಿ ಇದಕ್ಕೆ ಮೂರನೇ ಅರ್ಥವೂ ಇದೆ. ಮೊಬೈಲ್ ಪರದೆಯನ್ನು ಬೆರಳಿನಿಂದ ಸರಸರ ಸರಿಸುವ ಮಕ್ಕಳಿಗೆ ಮೌಸ್ ಹಿಡಿದು ಗುಂಡಿ ಎಳೆಯುವುದು ಹೊಸದು. ಬಾಣದ ಗುರುತು ಎಲ್ಲೋ ಓಡುತ್ತದೆ, ಮಗು ಅದನ್ನು ಹಿಡಿಯಲು ಒದ್ದಾಡುತ್ತದೆ. ಲಾಗ್ ಫೈಲಿನಲ್ಲಿ ಅದು ದೀರ್ಘ ಯೋಚನೆಯ ಹಾಗೆ ಕಾಣಬಹುದು.

ಬೇಗ ಒತ್ತಿದವರ ಕಥೆಯೂ ಅಷ್ಟೇ. ಅವತ್ತು ಒಬ್ಬ ಹುಡುಗ ಕೊನೆಯ ಆರೇಳು ಪ್ರಶ್ನೆ ಒಂದು ನಿಮಿಷದೊಳಗೆ ಮುಗಿಸಿದ. ಗಡಿಯಾರದ ಪ್ರಕಾರ ಅವನಿಗೆ ಆಸಕ್ತಿಯೇ ಇಲ್ಲ. ಹಿಂದಿನ ರಾತ್ರಿ ತ್ರೀ ಫೇಸ್ ಕರೆಂಟ್ ಬಂದದ್ದು ಒಂದು ಗಂಟೆಗೆ. ಅಪ್ಪನ ಜೊತೆ ಹೊಲಕ್ಕೆ ಹೋಗಿ, ಮೋಟಾರ್ ಚಾಲೂ ಮಾಡಿ, ಬೆಳಗಿನವರೆಗೆ ಕಬ್ಬಿಗೆ ನೀರು ಕಟ್ಟಿ ಬಂದಿದ್ದ. ಅವನ ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ವಾಲ್ವ್ ಪ್ರಶ್ನೆಗೆ ಮೊದಲು ಎದ್ದು ನಿಂತವನು ಇವನೇ. 'ರಾತ್ರಿ ಎಷ್ಟು ಹೊತ್ತು ಮಲಗಿದ್ದೆ?' ಎಂದು ಒಂದೇ ಒಂದು ಪ್ರಶ್ನೆ ಮೊದಲಿಗೆ ಕೇಳಿದ್ದರೆ ನಿಮ್ಮ ಅರ್ಧ ಅನುಮಾನ ಕಳೆಯುತ್ತಿತ್ತು, ಅಲ್ವಾ?

ಇನ್ನು ಕರೆಂಟ್. ಪರೀಕ್ಷೆಯ ನಡುವೆ ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ತಡೆಯಿತು, ಆಮೇಲೆ ಕೈಬಿಟ್ಟಿತು. ಮತ್ತೆ ಬಂದಾಗ ಮೂರು ಮಕ್ಕಳ ಉತ್ತರ ಅಳಿಸಿಹೋಗಿದ್ದವು. ಅವರು ಮೊದಲಿನಿಂದ ಶುರು ಮಾಡಿದರು. ಎರಡನೇ ಸಲ ಅದೇ ಲೆಕ್ಕವನ್ನು ಮಾಡುವಾಗ ಅವರ ಮುಖದಲ್ಲಿ ಮೊದಲಿನ ಬೆಳಕು ಇರಲಿಲ್ಲ. ಕರೆಂಟ್ ಹೋದ ಹೊತ್ತನ್ನೂ ದಾಖಲೆಯಲ್ಲಿ ಬರೆದುಕೊಳ್ಳಿ. ಅದು ಮಗುವಿನ ಮನೋಭಾವ ಅಲ್ಲ.

ಹಾಗಾದರೆ ಏನು ಮಾಡಬೇಕು? ಗಡಿಯಾರ ಒಂದನ್ನು ಹೇಳಲಿ, ಮಗು ಇನ್ನೊಂದನ್ನು ಹೇಳಲಿ. ಎರಡನ್ನೂ ಕೂಡಿಸಿ ಓದಿ. ಮಗುವನ್ನು ಕೇಳುವುದು ಮಾತ್ರ ಆಯಾ ಲೆಕ್ಕ ಮುಗಿದ ಕೂಡಲೇ ಆಗಲಿ.

ಇದೇನು ಹೊಸ ಕನಸಲ್ಲ. 2006ರ ಪಿಸಾ ವಿಜ್ಞಾನ ಪರೀಕ್ಷೆಯಲ್ಲಿ ಆಸಕ್ತಿಯ ಪ್ರಶ್ನೆಗಳನ್ನು ಪ್ರಶ್ನೆಪತ್ರಿಕೆಯ ಒಳಗೇ, ವಿಷಯದ ಬೆನ್ನಿಗೇ ಇಟ್ಟಿದ್ದರು. ಪಿಸಾದಲ್ಲಿ ಪ್ರಯತ್ನದ ಥರ್ಮಾಮೀಟರ್ ಎಂಬುದೂ ಇದೆ. ನಿನಗೆ ತುಂಬಾ ಮುಖ್ಯವಾದ ಒಂದು ಸಂದರ್ಭದಲ್ಲಿ ಪಡುವ ಶ್ರಮ 10 ಎಂದಿಟ್ಟುಕೋ, ಈ ಪರೀಕ್ಷೆಗೆ ಎಷ್ಟು ಪಟ್ಟೆ? ಇದರ ಅಂಕ ಶಾಲೆಯ ಅಂಕಕ್ಕೆ ಸೇರುವುದಾದರೆ ಎಷ್ಟು ಪಡುತ್ತಿದ್ದೆ? 2018ರಲ್ಲಿ ಒಇಸಿಡಿ ದೇಶಗಳ ಮಕ್ಕಳಲ್ಲಿ ಸರಾಸರಿ ಮೂವರಲ್ಲಿ ಇಬ್ಬರು, ಅಂಕ ಸೇರುವುದಾದರೆ ಇನ್ನೂ ಜಾಸ್ತಿ ಶ್ರಮ ಪಡುತ್ತಿದ್ದೆವು ಎಂದರು. ಅಷ್ಟು ನೇರವಾಗಿ ಹೇಳಿದರು, ಯಾಕಂದರೆ ಪ್ರಶ್ನೆ ನೇರವಾಗಿತ್ತು. ಆದರೂ ಇಡೀ ಪರೀಕ್ಷೆಗೆ ಒಂದೇ ಸಂಖ್ಯೆ ಸಾಲದು. ಪರೀಕ್ಷೆ ಮುಂದೆ ಹೋದ ಹಾಗೆ ಸರಿ ಉತ್ತರ ಕಡಿಮೆಯಾಗುತ್ತಾ ಹೋಗುವುದು, ಆ ಇಳಿತ ದೇಶದಿಂದ ದೇಶಕ್ಕೆ ಬೇರೆ ಇರುವುದು ಪಿಸಾ ಅಂಕಿಗಳಲ್ಲೇ ಕಂಡಿದೆ. ಒಂದನೇ ಲೆಕ್ಕದ ಮುಂದಿನ ಮಗು ಬೇರೆ, ಹತ್ತನೇ ಲೆಕ್ಕದ ಮುಂದಿನ ಅದೇ ಮಗು ಬೇರೆ.

ಶ್ರಮ ಎಷ್ಟು ಫರಕು ಮಾಡುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಮತ್ತು ಶಾಂಘೈನ ಮಕ್ಕಳಿಗೆ 25 ಗಣಿತದ ಪ್ರಶ್ನೆ ಕೊಟ್ಟರು. ಕೆಲವರಿಗೆ ಪರೀಕ್ಷೆ ಶುರುವಾಗುವ ಮುಂಚೆ ದುಡ್ಡಿನ ಲಕೋಟೆ ಕೊಟ್ಟು, ತಪ್ಪಿದ ಪ್ರತಿ ಉತ್ತರಕ್ಕೂ ಅದರಲ್ಲಿ ಕಡಿತ ಎಂದರು. ಓದಿಕೊಳ್ಳಲು ಹೊತ್ತೇ ಇರಲಿಲ್ಲ. ಆದರೂ ಅಮೆರಿಕದ ಮಕ್ಕಳ ಅಂಕ ಏರಿತು. ಶಾಂಘೈ ಮಕ್ಕಳದ್ದು ಇದ್ದಲ್ಲೇ ಇತ್ತು, ಅವರು ಮೊದಲೇ ಪೂರ್ತಿ ಶ್ರಮ ಹಾಕುತ್ತಿದ್ದರು. ಮಕ್ಕಳಿಗೆ ದುಡ್ಡು ಕೊಡಿ ಎಂದು ನಾನು ಹೇಳುತ್ತಿಲ್ಲ. ಕಡಿಮೆ ಅಂಕ ಕಂಡ ಕೂಡಲೇ ಕಡಿಮೆ ಬುದ್ಧಿ ಎಂದು ಬರೆಯಬೇಡಿ ಎನ್ನುತ್ತಿದ್ದೇನೆ.

ವರದಿ ಬಂದ ಮೇಲೆ ನಾನು ನನ್ನ ತರಗತಿಯಲ್ಲೇ ಸಣ್ಣದಾಗಿ ಮಾಡಿ ನೋಡಿದೆ. ಕಂಪ್ಯೂಟರಿನಲ್ಲಿ ಐದು ಒಗಟಿನಂಥ ಲೆಕ್ಕ. ಪ್ರತಿಯೊಂದರ ನಂತರ ಎರಡೇ ಪ್ರಶ್ನೆ. ಅವನ್ನು ಮಕ್ಕಳ ಜೊತೆ ಕೂತೇ ಬರೆದೆ. 'ಈ ಲೆಕ್ಕಾ ಮಾಡುವಾಗ ಹೆಂಗನಿಸ್ತು?' ಎಂಬುದಕ್ಕೆ ಆಯ್ಕೆಗಳನ್ನು ಅವರೇ ಕೊಟ್ಟರು: 'ಮಜಾ ಬಂತು', 'ತಲಿ ತಿನ್ನಾಕತ್ತಿತ್ತು ಆದ್ರ ಬಿಡಲಿಲ್ಲ', 'ಬ್ಯಾಸರಾತು', 'ತಿಳೀಲೇ ಇಲ್ಲ'. ಎರಡನೆಯದು, 'ಇಂಥಾದ್ದ ಇನ್ನೊಂದು ಕೊಟ್ರ ಮಾಡ್ತೀಯೇನು?' ಯಾರೂ ಹೆಸರು ಬರೆಯಬೇಕಿಲ್ಲ ಎಂದೆ.

ಈ ಸಲ ಎಲ್ಲರೂ ಒಂದೇ ಗುಂಡಿ ಒತ್ತಲಿಲ್ಲ. ಒಂದೇ ಮಗು ಒಂದು ಲೆಕ್ಕಕ್ಕೆ ಮಜಾ ಎಂದಿತು, ಮುಂದಿನದಕ್ಕೆ ಬೇಸರ ಎಂದಿತು. ಬೇಸರ ಬಂದದ್ದು ಕಷ್ಟದ ಲೆಕ್ಕಕ್ಕಲ್ಲ, ಉದ್ದದ ಲೆಕ್ಕಕ್ಕೆ. ಅದು ನನಗೆ ಹೊಸ ತಿಳಿವಳಿಕೆ. ಇಷ್ಟು ವರ್ಷ ಕಷ್ಟಕ್ಕೆ ಹೆದರುತ್ತಾರೆ ಎಂದುಕೊಂಡು ನಾನು ಲೆಕ್ಕವನ್ನು ಸುಲಭ ಮಾಡುತ್ತಾ ಬಂದಿದ್ದೆ. ಮಾಡಬೇಕಾದದ್ದು ವಾಕ್ಯ ಸಣ್ಣದು ಮಾಡುವುದಾಗಿತ್ತು. ಮತ್ತೆ ಆ 'ತಲಿ ತಿನ್ನಾಕತ್ತಿತ್ತು ಆದ್ರ ಬಿಡಲಿಲ್ಲ' ಎಂಬ ಆಯ್ಕೆ ನೋಡಿ. ಛಲ, ದೃಢತೆ ಎಂದು ನೀವು ಯಾವುದನ್ನು ಅಳೆಯಬೇಕೆಂದಿದ್ದೀರೋ ಅದು ಇದೇ ಅಲ್ಲವೇ? ನಿಮ್ಮ ಇಪ್ಪತ್ತು ವಾಕ್ಯದಲ್ಲಿ ಅದನ್ನು ಹೀಗೆ ಹೇಳಲು ಜಾಗವೇ ಇರಲಿಲ್ಲ. ಒಪ್ಪುತ್ತೇನೆ ಅಥವಾ ಇಲ್ಲ, ಎರಡೇ ದಿಕ್ಕು. ಇಷ್ಟವಿಲ್ಲದೆಯೂ ಹಿಡಿದು ಕೂರುವ ಮಗು ಎಲ್ಲಿ ಒತ್ತಬೇಕು?

ನಡುನಡುವೆ ಕೇಳಿದರೆ ಮಕ್ಕಳ ಗಮನ ತಪ್ಪುತ್ತದೆ ಎಂದು ನೀವು ಹೇಳಬಹುದು. ನಿಜ, ತಪ್ಪುತ್ತದೆ. ಅದಕ್ಕೇ ಎರಡೇ ಪ್ರಶ್ನೆ ಎಂದೆ. ಒಂದು ಲೆಕ್ಕ ಪೂರ್ತಿ ಮುಗಿದ ಮೇಲೆ ಮಾತ್ರ, ಮಧ್ಯೆ ಅಲ್ಲ.

ಮಾತಿಗಿಂತ ನಡತೆ ನಂಬುವುದಾದರೆ ಇನ್ನೊಂದು ದಾರಿ ಇದೆ. 1971ರಲ್ಲಿ ಅಮೆರಿಕದ ಎಡ್ವರ್ಡ್ ಡೆಸಿ ಕಾಲೇಜು ಹುಡುಗರಿಗೆ ಸೋಮಾ ಎಂಬ ತುಂಡು ಜೋಡಿಸುವ ಒಗಟು ಕೊಟ್ಟರು. ನಡುವೆ ಅವರನ್ನು ಸ್ವಲ್ಪ ಹೊತ್ತು ಅವರ ಪಾಡಿಗೆ ಬಿಟ್ಟರು. ಪತ್ರಿಕೆಗಳೂ ಇದ್ದವು, ಒಗಟೂ ಇತ್ತು. ಯಾರೂ ಹೇಳದಿದ್ದಾಗ ಎಷ್ಟು ಹೊತ್ತು ಒಗಟು ಕೈಗೆತ್ತಿಕೊಳ್ಳುತ್ತಾರೋ ಅದೇ ಆಸಕ್ತಿಯ ಅಳತೆ. ನಮ್ಮ ಪರೀಕ್ಷೆಯ ಕೊನೆಗೂ ಹೀಗೆ ಮಾಡಬಹುದು. 'ಪರೀಕ್ಷೆ ಮುಗಿಯಿತು. ಬೇಕಿದ್ದರೆ ಇನ್ನೊಂದು ಲೆಕ್ಕ ಇದೆ. ಇದಕ್ಕೆ ಅಂಕ ಇಲ್ಲ.' ಅಷ್ಟೇ. ನಾನು ಹೀಗೆ ಬಿಟ್ಟು ನೋಡಿದ ದಿನ ಬೆಲ್ ಹೊಡೆದ ಮೇಲೂ ಕೆಲವರು ಏಳಲಿಲ್ಲ. ಅವರಲ್ಲಿ 'ಮನ್ಯಾಗಿನ ಸಮಸ್ಯೆ ಏನ್ರೀ' ಎಂದು ಕೇಳಿದ ಹುಡುಗಿಯೂ ಇದ್ದಳು. ಬಸ್ ತಪ್ಪೀತು ಎಂದು ನಾನೇ ಎಬ್ಬಿಸಿ ಕಳಿಸಿದೆ.

ಭಾಷೆಯ ಮಾತು ಮತ್ತೊಮ್ಮೆ ಹೇಳುತ್ತೇನೆ, ಯಾಕಂದರೆ ಎಲ್ಲ ಅಲ್ಲೇ ಕೆಡುತ್ತದೆ. ಪ್ರಶ್ನೆಗಳನ್ನು ಬೆಂಗಳೂರಿನಲ್ಲಿ ಬರೆದು ನೇರ ಪರದೆಗೆ ಹಾಕಬೇಡಿ. ಮೊದಲು ಇಳಕಲ್ಲಿನ ನೇಕಾರರ ಮಕ್ಕಳ ಮುಂದೆ, ಇಂಡಿಯ ನಿಂಬೆ ತೋಟದ ಮಕ್ಕಳ ಮುಂದೆ, ಅಥಣಿಯ ಮಕ್ಕಳ ಮುಂದೆ ಇಟ್ಟು, 'ಇದರ ಅರ್ಥ ಏನು, ನಿನ್ನ ಮಾತಿನಲ್ಲಿ ಹೇಳು' ಎಂದು ಕೇಳಿ. ಖಾನಾಪುರದ ಮರಾಠಿ ಶಾಲೆಗಳಿಗೆ, ವಿಜಯಪುರದ ಉರ್ದು ಶಾಲೆಗಳಿಗೆ ಅದೇ ಕೆಲಸವನ್ನು ಆ ಭಾಷೆಗಳಲ್ಲಿ ಮಾಡಿ. 'ಸಮಸ್ಯೆ' ಎಂಬ ಒಂದೇ ಪದ ಎಷ್ಟು ದಾರಿ ತಪ್ಪಿಸಿತು, ನೋಡಿದಿರಲ್ಲ.

ಇನ್ನೊಂದು ವಿಷಯಕ್ಕೆ ನನಗೆ ನಿಜವಾಗಿ ಭಯ ಇದೆ. ಈ ಮನೋಭಾವದ ಅಂಕಿಗಳನ್ನು ನಾಳೆ ಶಾಲೆಗಳ ಪಟ್ಟಿ ಮಾಡಲು ಬಳಸಿದರೆ, ಮಗುವಿನ ಅಂಕಪಟ್ಟಿಯಲ್ಲಿ 'ಛಲ: 3' ಎಂದು ಅಚ್ಚಾದರೆ, ಆ ದಿನವೇ ಈ ಅಳತೆ ಸತ್ತುಹೋಗುತ್ತದೆ. ಎಲ್ಲಿ ಒತ್ತಬೇಕು ಎಂದು ಮೇಷ್ಟ್ರುಗಳೇ ಹೇಳಿಕೊಡುತ್ತಾರೆ. ನನ್ನ ಮೇಲೂ ಆ ಒತ್ತಡ ಬಂದೀತು. ಹದಿನಾಲ್ಕು ವರ್ಷದ ಮಗುವಿಗೆ 'ನಿನಗೆ ಹುಮ್ಮಸ್ಸಿಲ್ಲ' ಎಂದು ಸರ್ಕಾರಿ ಹಾಳೆಯ ಮೇಲೆ ಬರೆದು ಕೊಟ್ಟರೆ ಮಗು ಅದನ್ನೇ ನಂಬಿಬಿಡುತ್ತದೆ. ಮನೆಯವರೂ ನಂಬುತ್ತಾರೆ. ಹೆಣ್ಣು ಮಗುವಾದರೆ ಸಾಲಿ ಬಿಡಿಸಲು ಅದೊಂದು ನೆಪ ಸಿಕ್ಕ ಹಾಗೆ. ದಯವಿಟ್ಟು ಈ ಉತ್ತರಗಳಿಗೆ ಮಗುವಿನ ಹೆಸರು ಅಂಟಿಸಬೇಡಿ. ತರಗತಿಯ ಮಟ್ಟದಲ್ಲಿ ನಮಗೆ ತಿರುಗಿ ಕೊಡಿ: ನಾಲ್ಕನೇ ಪ್ರಶ್ನೆಯಲ್ಲಿ ಮಕ್ಕಳು ಕೈಬಿಟ್ಟರು, ಆರನೆಯದರಲ್ಲಿ ಮತ್ತೆ ಹತ್ತಿದರು ಎಂದು. ಅದು ಸಿಕ್ಕರೆ ಮರುದಿನವೇ ನಾನು ಪಾಠ ಬದಲಿಸಬಲ್ಲೆ. 'ಸಾಮರ್ಥ್ಯ ಕಡಿಮೆ' ಎಂಬ ಹಾಳೆಯಿಂದ ನಾನು ಏನು ಮಾಡಲಿ?

ಮುಂದಿನ ಸುತ್ತು ರೂಪಿಸುವ ಮೊದಲು ನಿಮ್ಮಲ್ಲಿ ಯಾರಾದರೂ ಒಬ್ಬರು ನಮ್ಮ ಶಾಲೆಗೆ ಬನ್ನಿ. ಪರೀಕ್ಷೆ ನಡೆಸಲು ಅಲ್ಲ, ಒಂದು ದಿನ ಹಿಂದಿನ ಸಾಲಿನಲ್ಲಿ ಕೂರಲು. ಆಗಸ್ಟ್‌ನಲ್ಲಿ ಬೇಡ. ಹೊಳೆ ಬಂದರೆ ದಂಡೆಯ ಊರುಗಳ ಶಾಲೆಗಳಲ್ಲಿ ಪಾಠವೇ ನಡೆಯುವುದಿಲ್ಲ. ನವೆಂಬರ್ ನಂತರ ಕಬ್ಬಿನ ಕಾರ್ಖಾನೆ ಶುರುವಾಗಿರುತ್ತದೆ, ಹಾಜರಾತಿ ಇಳಿಯುತ್ತದೆ, ಬಂದವರ ಕಣ್ಣಲ್ಲಿ ನಿದ್ದೆ ಇರುತ್ತದೆ. ಸೆಪ್ಟೆಂಬರ್ ಕೊನೆಗೆ ಬನ್ನಿ. ಆ ಹೊತ್ತಿಗೆ ನೀರು ಇಳಿದಿರುತ್ತದೆ, ಮಕ್ಕಳು ಎಲ್ಲರೂ ಇರುತ್ತಾರೆ. ಬರುವಾಗ ಆ ಇಪ್ಪತ್ತು ವಾಕ್ಯಗಳನ್ನೂ ತನ್ನಿ. ಮಕ್ಕಳ ಜೊತೆ ಕೂತು ಒಂದೊಂದನ್ನೇ ಓದೋಣ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕ
ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ